ಬಿದ್ದ ಹಲ್ಲಿನ ಜಾಗಕ್ಕೆ ಸೆಟ್ಟೋ, ಬ್ರಿಡ್ಜೋ, ಇಂಪ್ಲಾಂಟೋ?

ದಾವಣಗೆರೆಯಲ್ಲಿ ಒಂದು ಸಂಜೆ ಮಂಡಕ್ಕಿ ತಿನ್ನುವಾಗ ಹುರಿಗಡಲೆ ಜೊತೆ ಸಣ್ಣ ಕಲ್ಲೊಂದು ಬಾಯಿಗೆ ಬಂತು. ಕಟಕ್ ಅಂತ ಸದ್ದಾಯಿತು. ಸೀಳಿದ್ದು ಕಲ್ಲಲ್ಲ, ನನ್ನ ಕೆಳಗಿನ ದವಡೆ ಹಲ್ಲು. ಎರಡು ವರ್ಷ ಮೊದಲು ಅದಕ್ಕೆ ರೂಟ್ ಕೆನಾಲ್ ಮಾಡಿಸಿದ್ದೆ. 'ಕ್ಯಾಪ್ ಆಮೇಲೆ ಹಾಕಿಸೋಣ' ಅಂತ ಬಿಟ್ಟಿದ್ದೆ. ಆ ಆಮೇಲೆ ಬರಲೇ ಇಲ್ಲ. ಬೇರಿನ ತನಕ ಸೀಳಿದ ಹಲ್ಲನ್ನು ಉಳಿಸೋಕೆ ಆಗಲ್ಲ ಅಂದರು. ಕೀಳಿಸಿದ್ದಾಯಿತು.

ಗೊಂದಲ ಶುರುವಾಗಿದ್ದು ಆಮೇಲೆ. ಮೂರು ಕಡೆ ಕೇಳಿದೆ. ಒಬ್ಬರು ಹತ್ತು ದಿನದಲ್ಲಿ, ಪಕ್ಕದ ಹಲ್ಲುಗಳ ಆಸರೆಯಲ್ಲಿ ಕಟ್ಟುವ ಬ್ರಿಡ್ಜ್ ಕೂರಿಸಿ ಕಳಿಸ್ತೀನಿ ಅಂದರು. ಇನ್ನೊಬ್ಬರು ದವಡೆ ಮೂಳೆಗೆ ಸ್ಕ್ರೂ ಹಾಕಿ ಅದರ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟೇ ಸರಿ, ಆದರೆ ಆರೇಳು ತಿಂಗಳು ಹಿಡಿಯುತ್ತೆ ಅಂದರು. ಮೂರನೆಯವರು ಇಂಪ್ಲಾಂಟ್ ಹಾಕಿ ಮೂರೇ ದಿನಕ್ಕೆ ಹಲ್ಲು ಕೊಡ್ತೀನಿ ಅಂದರು. ಮನೆಯಲ್ಲಿ ಅಮ್ಮ, 'ಒಂದು ಹಲ್ಲಿಗೆ ಇಷ್ಟೆಲ್ಲಾ ಯಾಕೋ, ಇನ್ನೂ ಬೇಕಾದಷ್ಟು ಅದಾವಲ್ಲ' ಅಂದರು.

ಕೊನೆಗೆ ನಾನು ಆರಿಸಿದ್ದು ಹಂತ ಹಂತವಾಗಿ ಹಾಕುವ ಇಂಪ್ಲಾಂಟ್. ಕೀಳಿಸಿದ ದಿನದಿಂದ ಕ್ಯಾಪ್ ಕೂತ ದಿನದವರೆಗೆ ಏಳು ತಿಂಗಳಾಯಿತು. ಅವತ್ತಿನಿಂದ ನೆಂಟರಲ್ಲಿ, ಆಫೀಸಿನಲ್ಲಿ ಯಾರ ಹಲ್ಲು ಹೋದರೂ ನನ್ನನ್ನೇ ಕೇಳುತ್ತಾರೆ. ನಾನು ಡಾಕ್ಟರ್ ಅಲ್ಲ. ಆದರೆ ಈ ವಿಷಯದಲ್ಲಿ ಡಾಕ್ಟರ ಮುಂದೆ ಕೂರುವ ಮೊದಲು ಗೊತ್ತಿರಬೇಕಾದದ್ದು ಬಹಳ ಇದೆ. ಗೊತ್ತಿಲ್ಲದೆ ಹೋದರೆ ಯಾರು ಚೆನ್ನಾಗಿ ಮಾತಾಡುತ್ತಾರೋ ಅವರು ಹೇಳಿದ್ದೇ ನಮ್ಮ ಬಾಯಿಗೆ ಬರುತ್ತದೆ.

ಯಾವುದರ ಮೇಲೆ ಅಳೆಯಬೇಕು

ಎಲ್ಲರೂ ಮೊದಲು ಕೇಳುವುದು 'ಎಷ್ಟಾಗುತ್ತೆ?' ಅಂತ. ಅದನ್ನು ಕೊನೆಗೆ ಕೇಳಿ.

ಮೊದಲ ಪ್ರಶ್ನೆ, ಹೋಗಿರುವುದು ಯಾವ ಹಲ್ಲು? ನನ್ನ ಚೀಟಿಯಲ್ಲಿ 36 ಅಂತ ಬರೆದಿತ್ತು. ವಯಸ್ಸೇನೋ ಅಂದುಕೊಂಡೆ. ಬಾಯಿಯನ್ನು ನಾಲ್ಕು ಭಾಗ ಮಾಡಿ ನಂಬರ್ ಕೊಡುತ್ತಾರಂತೆ. ಕೆಳಗಿನ ಎಡಭಾಗ 3, ಅಲ್ಲಿ ನಡುವಿನಿಂದ ಎಣಿಸಿದರೆ 6ನೇ ಹಲ್ಲು. ಅಗಿಯುವ ಕೆಲಸದಲ್ಲಿ ದೊಡ್ಡ ಪಾಲು ಈ ಆರನೇ ಹಲ್ಲುಗಳದ್ದು. ಮುಂದಿನ ಹಲ್ಲು ಹೋದರೆ ಮಾತು, ನಗು, ಮದುವೆ ಫೋಟೋ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಿಂದಿನದು ಹೋದರೆ ಊಟವೇ ಲೆಕ್ಕ. ಕಟಕ್ ರೊಟ್ಟಿ ತಿನ್ನುವ ಬಾಯಿಗೆ ಬೇಕಾದ ಗಟ್ಟಿತನ ಮುದ್ದೆ ನುಂಗುವ ಬಾಯಿಗೆ ಬೇಕಾಗಲ್ಲ ಅಂತ ನಮ್ಮ ಹಳೇ ಮೈಸೂರಿನ ಗೆಳೆಯರನ್ನು ಕಾಡಿಸುತ್ತಿರುತ್ತೇನೆ.

ಎರಡನೆಯದು, ಪಕ್ಕದ ಹಲ್ಲುಗಳು ಹೇಗಿವೆ? ಅವುಗಳಿಗೆ ಈಗಾಗಲೇ ಕ್ಯಾಪ್ ಇದೆಯೋ, ದೊಡ್ಡ ಫಿಲ್ಲಿಂಗ್ ಇದೆಯೋ, ಅಥವಾ ಒಂದು ಗೀರೂ ಬೀಳದೆ ಗಟ್ಟಿಯಾಗಿವೆಯೋ? ಬ್ರಿಡ್ಜ್ ಬೇಕೋ ಬೇಡವೋ ಅನ್ನುವುದನ್ನು ಬಹುಪಾಲು ಇದೊಂದೇ ತೀರ್ಮಾನಿಸುತ್ತದೆ.

ಮೂರನೆಯದು ಮೂಳೆ. ಹಲ್ಲು ಹೋದ ಮೇಲೆ ಅದನ್ನು ಹಿಡಿದುಕೊಂಡಿದ್ದ ಮೂಳೆ ಕರಗುತ್ತಾ ಹೋಗುತ್ತದೆ. ಮೊದಲ ವರ್ಷದಲ್ಲೇ ಅಗಲದಲ್ಲಿ ಸುಮಾರು ಅರ್ಧದಷ್ಟು ಕಮ್ಮಿಯಾಗಬಹುದು. ಅದರಲ್ಲೂ ಜಾಸ್ತಿ ಕರಗುವುದು ಮೊದಲ ಮೂರು ತಿಂಗಳಲ್ಲಿ. 'ಹತ್ತು ವರ್ಷದ ಹಿಂದೆ ಕೀಳಿಸಿದ್ದೆ, ಈಗ ಇಂಪ್ಲಾಂಟ್ ಹಾಕಿ' ಅಂತ ಹೋದವರಿಗೆ ಖರ್ಚು ಹೆಚ್ಚಾಗುವುದು ಇದೇ ಕಾರಣಕ್ಕೆ.

ನಾಲ್ಕನೆಯದು ಮೈ ಮತ್ತು ಚಟ. ಶುಗರ್ ಇದ್ದರೆ ಇಂಪ್ಲಾಂಟ್ ಆಗೋದೇ ಇಲ್ಲ ಅನ್ನುವುದು ತಪ್ಪು. ಹತೋಟಿಯಲ್ಲಿ ಇಲ್ಲದಿದ್ದರೆ ಮಾತ್ರ ಕಷ್ಟ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 7ರ ಆಸುಪಾಸಿನಲ್ಲಿದ್ದರೆ ಡಾಕ್ಟರು ಸಾಮಾನ್ಯವಾಗಿ ಧೈರ್ಯ ಮಾಡುತ್ತಾರೆ. ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲುವುದು ಜಾಸ್ತಿ. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆಯನ್ನೋ ಝೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ನನ್ನೋ ತಗೊಂಡಿದ್ದರೆ, ಕೇಳದಿದ್ದರೂ ಮೊದಲೇ ಹೇಳಿ. ದವಡೆ ಮೂಳೆಯ ಗಾಯ ಮಾಯದೆ ಉಳಿಯುವ ಅಪಾಯ ಅದರಲ್ಲಿದೆ. ರಕ್ತ ತೆಳುವಾಗಲು ಮಾತ್ರೆ ನುಂಗುವವರು ತಾವಾಗೇ ನಿಲ್ಲಿಸಬಾರದು. ಇನ್ನು ಅಡಿಕೆ. ನಮ್ಮ ಕಡೆ ಇದನ್ನು ಹೇಳಲೇಬೇಕು. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಭಾಗ ಬಿಗಿದು ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ದವಡೆ ಹಲ್ಲಿನ ಜಾಗಕ್ಕೆ ಡ್ರಿಲ್ ಹಿಡಿಯುವುದೇ ಡಾಕ್ಟರಿಗೆ ಕಷ್ಟ. ಇಂಪ್ಲಾಂಟ್ ವಿಚಾರ ಪಕ್ಕಕ್ಕಿಟ್ಟು ಮೊದಲು ಆ ಬಿಗಿತವನ್ನು ತೋರಿಸಿಕೊಳ್ಳಿ, ಅದು ಕ್ಯಾನ್ಸರ್‌ಗೆ ತಿರುಗುವ ಭಯವೂ ಇದೆ.

ಐದನೆಯದು ದುಡ್ಡು, ಆರನೆಯದು ಎಷ್ಟು ದಿನ ಕಾಯಬಲ್ಲಿರಿ ಅನ್ನುವುದು.

ಏಳನೆಯದನ್ನು ಯಾರೂ ಕೇಳುವುದಿಲ್ಲ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದು ಅನಿಸಿತು: ಇದು ಮುಂದೆ ಕೆಟ್ಟರೆ ನನ್ನ ಬಾಯಲ್ಲಿ ಏನು ಉಳಿದಿರುತ್ತದೆ? ಬಾಯಲ್ಲಿ ಹಾಕಿಸಿಕೊಂಡಿದ್ದು ಯಾವುದೂ ಶಾಶ್ವತ ಅಲ್ಲ. ಹಾಗಾಗಿ ಎಷ್ಟು ವರ್ಷ ಬಾಳುತ್ತೆ ಅನ್ನುವ ಜೊತೆಗೆ, ಹೋಗುವಾಗ ಏನೇನು ಕರ್ಕೊಂಡು ಹೋಗುತ್ತೆ ಅನ್ನುವುದನ್ನೂ ನೋಡಬೇಕು.

ಹಾಗೇ ಬಿಟ್ಟರೆ?

ಅಮ್ಮನ ಮಾತು ಪೂರ್ತಿ ತಪ್ಪೇನಲ್ಲ. ತುದಿಯಲ್ಲಿರುವ ಬುದ್ಧಿಹಲ್ಲು ಹೋದರೆ ಯಾರೂ ಬೇರೆ ಕಟ್ಟಿಸುವುದಿಲ್ಲ. ಏಳನೇ ಹಲ್ಲು ಹೋದರೂ, ಉಳಿದವು ಚೆನ್ನಾಗಿದ್ದರೆ, ಹಾಗೇ ಇದ್ದು ಆರಾಮಾಗಿ ಊಟ ಮಾಡಿಕೊಂಡಿರುವವರು ಎಷ್ಟೋ ಜನ. ದುಡ್ಡಿಲ್ಲದಾಗ ಏಳನೇ ಹಲ್ಲಿಗೆ ಸಾಲ ಮಾಡಬೇಡಿ.

ಆರನೇ ಹಲ್ಲಿನ ಕತೆ ಬೇರೆ. ಖಾಲಿ ಜಾಗದ ಕಡೆಗೆ ಹಿಂದಿನ ಹಲ್ಲು ವಾಲುತ್ತದೆ. ಎದುರಿನ ಮೇಲಿನ ಹಲ್ಲಿಗೆ ತಡೆಯೋರಿಲ್ಲದೆ ಮೆಲ್ಲಗೆ ಕೆಳಗಿಳಿಯುತ್ತದೆ. ಐದಾರು ವರ್ಷ ಬಿಟ್ಟು ಹಲ್ಲು ಕಟ್ಟಿಸೋಣ ಅಂತ ಹೋದಾಗ ಕೂರಿಸಲು ಜಾಗವೇ ಇರುವುದಿಲ್ಲ.

ತೆಗೆದು ಹಾಕುವ ಸೆಟ್

ಕಮ್ಮಿ ಖರ್ಚಿನದು ಇದೇ. ಇದರಲ್ಲಿ ಮೂರು ಬಗೆ. ಗುಲಾಬಿ ಬಣ್ಣದ ಅಕ್ರಿಲಿಕ್ ತಟ್ಟೆಗೆ ಹಲ್ಲು ಕೂರಿಸಿ ತಂತಿ ಕೊಕ್ಕೆ ಕೊಡುವುದು ಮಾಮೂಲಿ ಸೆಟ್. ಒಂದೆರಡು ಹಲ್ಲಿಗೆ ಎರಡು ಮೂರು ಸಾವಿರದಲ್ಲಿ ಮುಗಿಯಬಹುದು. ಫ್ಲೆಕ್ಸಿಬಲ್ ಅನ್ನುವುದಕ್ಕೆ ತಂತಿ ಇಲ್ಲ, ನೋಡೋಕೆ ಚೆನ್ನಾಗಿರುತ್ತದೆ. ಆದರೆ ಮುರಿದರೆ ರಿಪೇರಿ ಕಷ್ಟ, ಮತ್ತೊಂದು ಹಲ್ಲು ಸೇರಿಸುವುದೂ ಕಷ್ಟ. ಮೂರನೆಯದು ಕಾಸ್ಟ್ ಪಾರ್ಷಿಯಲ್. ಕೋಬಾಲ್ಟ್ ಕ್ರೋಮಿಯಂ ಲೋಹದ ತೆಳು ಚೌಕಟ್ಟು, ಭಾರವನ್ನು ಉಳಿದ ಹಲ್ಲುಗಳ ಮೇಲೆ ಹಂಚುತ್ತದೆ. ಹತ್ತು ಸಾವಿರದ ಮೇಲೆ ಆಗುತ್ತದೆ. ಎರಡೂ ಕಡೆ ಹಲ್ಲು ಹೋದವರು ಸೆಟ್ಟೇ ಹಾಕಿಸುವುದಾದರೆ ಇದನ್ನು ಕೇಳಿ ನೋಡಿ, ಬಹಳ ಕಡೆ ತಾವಾಗಿ ಹೇಳುವುದಿಲ್ಲ.

ಸೆಟ್ಟಿನ ದೊಡ್ಡ ಗುಣ ಅಂದರೆ ಯಾವ ಹಲ್ಲನ್ನೂ ಕೊರೆಯುವುದಿಲ್ಲ. ಇಷ್ಟವಾಗದಿದ್ದರೆ ತೆಗೆದಿಟ್ಟರಾಯಿತು. ಕೆಟ್ಟರೆ ಹೋಗುವುದು ಸೆಟ್ ಮಾತ್ರ. ಅವಗುಣ ನಿಮಗೂ ಗೊತ್ತಿರುತ್ತದೆ. ಅಡಿಯಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ, ಕಡಿಯುವ ಶಕ್ತಿ ಕಮ್ಮಿ, ರಾತ್ರಿ ತೆಗೆದು ನೀರಿನಲ್ಲಿ ಇಡಬೇಕು. ಅಡಿಯ ಮೂಳೆ ಕರಗುತ್ತಲೇ ಇರುವುದರಿಂದ ಕೆಲವು ವರ್ಷಕ್ಕೆ ಸಡಿಲವಾಗುತ್ತದೆ. ನಮ್ಮ ಚಿಕ್ಕಪ್ಪ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಸೆಟ್ ತೆಗೆದು ಟಿಶ್ಯೂ ಪೇಪರಿನಲ್ಲಿ ಸುತ್ತಿ ಎಲೆ ಪಕ್ಕ ಇಟ್ಟಿದ್ದರು. ಕೈ ತೊಳೆದು ಬರುವಷ್ಟರಲ್ಲಿ ಎಲೆ ಎತ್ತಿದ್ದರು. ಎರಡನೇ ಪಂಕ್ತಿ ಕೂತಿದ್ದಾಗ ನಾವು ನಾಲ್ಕು ಜನ ಹಿತ್ತಲಿನಲ್ಲಿ ಎಂಜಲೆಲೆ ಕೆದಕುತ್ತಿದ್ದೆವು.

ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡಲೆಂದೇ ರಾಜ್ಯ ಸರ್ಕಾರ ದಂತ ಭಾಗ್ಯ ಅನ್ನುವ ಯೋಜನೆ ತಂದಿತ್ತು. ಮನೆಯಲ್ಲಿ ಅಂಥವರಿದ್ದರೆ ಕೈಯಿಂದ ದುಡ್ಡು ಹಾಕುವ ಮೊದಲು ಜಿಲ್ಲಾಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ವಿಚಾರಿಸಿ.

ಬ್ರಿಡ್ಜ್

ಬ್ರಿಡ್ಜ್ ಬಗ್ಗೆ ಜನ ಎರಡು ಅತಿಗೆ ಹೋಗುತ್ತಾರೆ. ಕೆಲವರಿಗೆ ಅದೇ ದೇವರು, ಇಂಪ್ಲಾಂಟ್ ಹಾಕುವ ಕೆಲವು ಕ್ಲಿನಿಕ್‌ಗಳಲ್ಲಿ ಅದನ್ನು ಪಾಪ ಅನ್ನುವ ಹಾಗೆ ಹೇಳುತ್ತಾರೆ. ಎರಡೂ ಅಲ್ಲ.

ಕೆಲಸ ಹೀಗೆ. ಖಾಲಿ ಜಾಗದ ಎರಡು ಪಕ್ಕದ ಹಲ್ಲುಗಳನ್ನು ಸುತ್ತಲೂ ಸವೆಸಿ ಸಣ್ಣದು ಮಾಡುತ್ತಾರೆ. ಅವೆರಡರ ಮೇಲೆ ಕ್ಯಾಪ್, ನಡುವೆ ತೂಗುವ ಸುಳ್ಳು ಹಲ್ಲು, ಮೂರೂ ಒಂದೇ ತುಂಡು. ಎರಡು ಮೂರು ಸಲ ಹೋದರೆ, ವಾರ ಹತ್ತು ದಿನದಲ್ಲಿ ಮುಗಿಯುತ್ತದೆ. ಆಪರೇಷನ್ ಇಲ್ಲ, ಹೊಲಿಗೆ ಇಲ್ಲ. ಮೆಟಲ್ ಸೆರಾಮಿಕ್ (ಒಳಗೆ ಲೋಹ, ಮೇಲೆ ಪಿಂಗಾಣಿ) ಆದರೆ ಹಲ್ಲೊಂದಕ್ಕೆ ಸುಮಾರು ಮೂರರಿಂದ ಆರು ಸಾವಿರ, ಲೋಹವಿಲ್ಲದ ಗಟ್ಟಿ ಪಿಂಗಾಣಿಯಂಥ ಜಿರ್ಕೋನಿಯಾ ಆದರೆ ಎಂಟರಿಂದ ಹದಿನೈದು ಸಾವಿರ. ಹೋಗಿದ್ದು ಒಂದೇ ಆದರೂ ದುಡ್ಡು ಮೂರು ಹಲ್ಲಿಗೆ ಅನ್ನುವುದು ನೆನಪಿರಲಿ. ಒಳ್ಳೆ ಜಿರ್ಕೋನಿಯಾ ಬ್ರಿಡ್ಜ್‌ಗೆ ಆಗುವ ದುಡ್ಡಿನಲ್ಲಿ ಎಷ್ಟೋ ಊರುಗಳಲ್ಲಿ ಒಂದು ಇಂಪ್ಲಾಂಟ್ ಬರುತ್ತದೆ.

ಪಕ್ಕದ ಎರಡೂ ಹಲ್ಲಿಗೆ ಮೊದಲೇ ರೂಟ್ ಕೆನಾಲ್ ಆಗಿದೆ, ಹೇಗೂ ಕ್ಯಾಪ್ ಬೇಕು ಅನ್ನುವ ಹಾಗಿದ್ದರೆ ಬ್ರಿಡ್ಜ್ ಜಾಣತನ. ಒಂದು ಕಲ್ಲಿಗೆ ಎರಡು ಹಕ್ಕಿ. ಆದರೆ ಪಕ್ಕದವು ಗಟ್ಟಿ ಹಲ್ಲುಗಳಾದರೆ ಯೋಚಿಸಿ. ಸವೆಸಿದ ಎನಾಮಲ್ ಮತ್ತೆ ಬೆಳೆಯಲ್ಲ. ಸವೆಸಿದ ಹಲ್ಲಿಗೆ ಮುಂದೊಂದು ದಿನ ರೂಟ್ ಕೆನಾಲ್ ಬೇಕಾಗುವ ಸಾಧ್ಯತೆಯೂ ಹೆಚ್ಚು.

ನನ್ನ ಏಳನೇ ಪ್ರಶ್ನೆ ಹುಟ್ಟಿದ್ದೇ ಇಲ್ಲಿ. ನಮ್ಮ ಚಿಕ್ಕಮ್ಮನಿಗೆ ಹಾಕಿದ ಬ್ರಿಡ್ಜ್ ಹನ್ನೊಂದು ವರ್ಷ ಬಾಳಿತು. ಅದು ಕಮ್ಮಿಯೇನಲ್ಲ, ಕೊಟ್ಟ ದುಡ್ಡಿಗೆ ಮೋಸ ಆಗಿಲ್ಲ. ಆದರೆ ತೆಗೆದಾಗ ಒಂದು ಕ್ಯಾಪಿನ ಅಡಿ ಹಲ್ಲು ಪೂರ್ತಿ ಹುಳುಕಾಗಿತ್ತು. ಬ್ರಿಡ್ಜ್ ಅದನ್ನು ಬಿಗಿಯಾಗಿ ಮುಚ್ಚಿದ್ದರಿಂದ ನೋವೂ ಕಾಣಿಸಿರಲಿಲ್ಲ. ಒಂದು ಹಲ್ಲಿನ ಜಾಗ ಎರಡು ಹಲ್ಲಿನ ಜಾಗವಾಯಿತು. ತೂಗುವ ಹಲ್ಲಿನ ಅಡಿ ಬ್ರಷ್ ಹೋಗುವುದಿಲ್ಲ, ಅಲ್ಲಿಗೆ ಬೇರೆ ಸಣ್ಣ ಬ್ರಷ್ಷೋ ದಪ್ಪ ದಾರವೋ ಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನೀವು ಬ್ರಿಡ್ಜ್ ಹಾಕಿಸಿದರೆ ಅದನ್ನು ತೋರಿಸಿಕೊಂಡೇ ಬನ್ನಿ.

ತುದಿಯ ಹಲ್ಲು ಹೋಗಿ ಅದರ ಹಿಂದೆ ಹಿಡಿಯೋಕೆ ಹಲ್ಲೇ ಇಲ್ಲದಿದ್ದರೆ ಬ್ರಿಡ್ಜ್ ಮಾತು ಬಿಡಿ.

ಇದರಲ್ಲೇ ಮೇರಿಲ್ಯಾಂಡ್ ಬ್ರಿಡ್ಜ್ ಅಂತ ಒಂದಿದೆ. ಪಕ್ಕದ ಹಲ್ಲಿನ ಹಿಂಬದಿಗೆ ರೆಕ್ಕೆಯಂಥ ತುಂಡು ಅಂಟಿಸಿ ಮುಂದಿನ ಹಲ್ಲು ನಿಲ್ಲಿಸುವುದು. ಸವೆಸುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಆಟದಲ್ಲಿ ಬಿದ್ದು ಮುಂದಿನ ಹಲ್ಲು ಕಳೆದುಕೊಂಡ ಹದಿನೈದರ ಹುಡುಗ ಹುಡುಗಿಯರಿಗೆ ಇದು ಬಹಳ ಒಳ್ಳೆಯದು. ದವಡೆ ಬೆಳೆಯುವುದು ನಿಲ್ಲುವವರೆಗೆ ಇಂಪ್ಲಾಂಟ್ ಹಾಕಬಾರದು. ಸುತ್ತಲಿನ ಹಲ್ಲು ಬೆಳೆದು ಇಳಿದರೂ ಇಂಪ್ಲಾಂಟ್ ಹಾಕಿದ ಜಾಗದಲ್ಲೇ ನಿಂತುಬಿಡುತ್ತದೆ.

ಹಂತ ಹಂತದ ಇಂಪ್ಲಾಂಟ್

ಇಂಪ್ಲಾಂಟ್ ಅಂದರೆ ಹಲ್ಲಲ್ಲ, ಬೇರು. ಟೈಟೇನಿಯಂ ಸ್ಕ್ರೂ ಒಂದನ್ನು ದವಡೆ ಮೂಳೆಯಲ್ಲಿ ಕೂರಿಸುತ್ತಾರೆ. ಮೂಳೆ ಅದಕ್ಕೆ ನೇರವಾಗಿ ಅಂಟಿಕೊಳ್ಳುತ್ತದೆ. ಇದು ಕಂಡಿದ್ದು ಆಕಸ್ಮಿಕವಾಗಿ. 1950ರ ದಶಕದ ಶುರುವಿನಲ್ಲಿ ಸ್ವೀಡನ್ನಿನ ಸಂಶೋಧಕ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತೆ ಅಂತ ನೋಡಲು ಟೈಟೇನಿಯಂ ಉಪಕರಣ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯೋಕೆ ಹೋದರೆ ಅದು ಬರಲಿಲ್ಲ. 1965ರಲ್ಲಿ ಅವರು ಮೊದಲ ರೋಗಿಯ ದವಡೆಗೆ ಇಂಥ ಸ್ಕ್ರೂಗಳನ್ನು ಹಾಕಿದರು. ಆ ರೋಗಿ ಸಾಯುವ ತನಕ, ನಲವತ್ತು ವರ್ಷ, ಅವು ಅಲ್ಲಾಡಲಿಲ್ಲ.

ಬ್ರೋನೆಮಾರ್ಕ್ ಹಾಕಿಕೊಟ್ಟ ದಾರಿಯೇ ಎರಡು ಹಂತದ್ದು. ಮೊದಲ ದಿನ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಸಡು ಬಿಡಿಸಿ, ಮೂಳೆ ಕೊರೆದು ಸ್ಕ್ರೂ ಕೂರಿಸುತ್ತಾರೆ. ಕೊರೆಯುವಾಗ ಸಲೈನ್ ನೀರು ಬಿಡುತ್ತಲೇ ಇರುತ್ತಾರೆ, ಯಾಕೆಂದರೆ 47 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕಾದರೆ ಮೂಳೆ ಸಾಯುತ್ತದೆ. ಸ್ಕ್ರೂ ಮೇಲೆ ಮುಚ್ಚಳ ಹಾಕಿ ಒಸಡನ್ನು ಹೊಲಿದುಬಿಡುತ್ತಾರೆ. ನನಗೆ ಮುಕ್ಕಾಲು ಗಂಟೆಯಾಯಿತು. ಹಲ್ಲು ಕೀಳಿಸಿದ ದಿನದ ನೋವು ಇದಕ್ಕಿಂತ ಜಾಸ್ತಿಯಿತ್ತು. ವಾರ ಹತ್ತು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಆಮೇಲೆ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಯ ಮೂಳೆ ಮೆತ್ತಗಿರುವುದರಿಂದ ನಾಲ್ಕರಿಂದ ಆರು ತಿಂಗಳು ಕಾಯುವುದು ಈ ಹಳೆಯ ಕ್ರಮ. ಈಗ ಸ್ಕ್ರೂಗಳ ಮೇಲ್ಮೈ ಸುಧಾರಿಸಿದೆ. ಒಳ್ಳೆ ಮೂಳೆಯಿದ್ದರೆ ಎರಡು ತಿಂಗಳಿಗೇ ಮುಂದುವರಿಯುವುದೂ ಇದೆ. ಎರಡನೇ ಹಂತದಲ್ಲಿ ಒಸಡನ್ನು ಸ್ವಲ್ಪ ತೆರೆದು, ಮುಚ್ಚಳ ತೆಗೆದು, ಒಸಡಿನಿಂದ ಹೊರಗೆ ಕಾಣುವ ಗುಂಡಿಯಂಥ ಹೀಲಿಂಗ್ ಕ್ಯಾಪ್ ಹಾಕುತ್ತಾರೆ. ಎರಡು ಮೂರು ವಾರದಲ್ಲಿ ಒಸಡು ಅದರ ಸುತ್ತ ಕೂಡಿಕೊಳ್ಳುತ್ತದೆ. ಆಮೇಲೆ ಅಳತೆ, ಆಮೇಲೆ ಕ್ಯಾಪ್.

ಇಷ್ಟು ಕಾಯುವುದು ಯಾಕೆ? ಸ್ಕ್ರೂ ಹಾಕಿದ ದಿನ ಬಿಗಿಯಾಗೇ ಇರುತ್ತದೆ. ಆದರೆ ಅದು ಮರಕ್ಕೆ ಮೊಳೆ ಹೊಡೆದಂಥ ಬಿಗಿ. ಮುಂದಿನ ವಾರಗಳಲ್ಲಿ ಸುತ್ತಲಿನ ಹಳೇ ಮೂಳೆ ಕರಗುತ್ತದೆ, ಹೊಸದು ಇನ್ನೂ ಬಂದಿರುವುದಿಲ್ಲ. ಎರಡರಿಂದ ನಾಲ್ಕನೇ ವಾರದ ಹೊತ್ತಿಗೆ ಸ್ಕ್ರೂ ಮೊದಲ ದಿನಕ್ಕಿಂತ ಸಡಿಲ. ಹೊಸ ಮೂಳೆ ಬೆಳೆದು ಹಿಡಿದ ಮೇಲೆಯೇ ನಿಜವಾದ ಬಿಗಿ. ಮನೆಗೆ ಆರ್‌ಸಿಸಿ ಹಾಕಿದ ಮೇಲೆ ಮೇಲುಗಡೆ ಗಟ್ಟಿಯಾಗಿ ಕಂಡರೂ ಸೆಂಟ್ರಿಂಗ್ ಬಿಚ್ಚೋಕೆ ಮೇಸ್ತ್ರಿ ಬಿಡಲ್ಲ, ಅಲ್ವಾ? ಹಾಗೆ. ಕಾಯುವ ತಿಂಗಳುಗಳಲ್ಲಿ ಏನೂ ನಡೀತಿಲ್ಲ ಅನಿಸುತ್ತದೆ. ನಡೆಯಬೇಕಾದ ಕೆಲಸವೆಲ್ಲ ನಡೆಯುವುದು ಆಗಲೇ.

ಒಂದೇ ಹಂತದಲ್ಲೂ ಮಾಡುತ್ತಾರೆ. ಅಂದರೆ ಮೊದಲ ದಿನವೇ ಒಸಡು ಮುಚ್ಚದೆ ಹೀಲಿಂಗ್ ಕ್ಯಾಪ್ ಹಾಕಿಬಿಡುವುದು. ಇದರಿಂದ ತಪ್ಪುವುದು ಒಂದು ಸಣ್ಣ ಕೊಯ್ತ, ಕಾಯುವುದು ತಪ್ಪುವುದಿಲ್ಲ. ಮೂಳೆ ಚೆನ್ನಾಗಿದ್ದರೆ ಫಲಿತಾಂಶದಲ್ಲಿ ಹೇಳುವಂಥ ವ್ಯತ್ಯಾಸ ಇಲ್ಲ. ಮೂಳೆ ಸಾಲದೆ ಮೂಳೆ ಪುಡಿ ತುಂಬಿದ್ದರೆ, ಸ್ಕ್ರೂ ಅಷ್ಟು ಬಿಗಿ ಕೂರದಿದ್ದರೆ, ಅಥವಾ ಮೇಲೆ ತಾತ್ಕಾಲಿಕ ಸೆಟ್ ಹಾಕಿಕೊಳ್ಳುವವರಾದರೆ ಎರಡು ಹಂತವೇ ಕ್ಷೇಮ. ಒಸಡಿನ ಕೆಳಗೆ ಹುದುಗಿದ ಸ್ಕ್ರೂಗೆ ನಾಲಿಗೆಯೂ ತಾಗಲ್ಲ, ಚಕ್ಕುಲಿಯೂ ತಾಗಲ್ಲ.

ಇನ್ನು ಅವತ್ತೇ ಹಲ್ಲು ಕೊಡುವುದು. ಇದು ಸುಳ್ಳಲ್ಲ, ಆದರೆ ಷರತ್ತು ಬಹಳ. ಸ್ಕ್ರೂ ತಿರುಗಿಸುವಾಗ ಸುಮಾರು 35 ನ್ಯೂಟನ್ ಸೆಂಟಿಮೀಟರ್ ಬಿಗಿ ಸಿಗಬೇಕು, ಕೀವು ಇರಬಾರದು, ಕೊಟ್ಟ ತಾತ್ಕಾಲಿಕ ಹಲ್ಲು ಎದುರಿನದಕ್ಕೆ ತಾಗಬಾರದು. ಮುಂದಿನ ಒಂದು ಹಲ್ಲಿಗೆ, ಮುಖದ ಚಂದಕ್ಕಾಗಿ, ಇದು ಒಪ್ಪುವ ಮಾತು. 'ಮೂರು ದಿನದಲ್ಲಿ ಫಿಕ್ಸೆಡ್ ಹಲ್ಲು' ಅನ್ನುವ ಬೋರ್ಡುಗಳಲ್ಲಿ ಇರುವುದು ಸಾಮಾನ್ಯವಾಗಿ ಇಡೀ ದವಡೆಗೆ ಹಲವು ಸ್ಕ್ರೂ ಹಾಕಿ, ಎಲ್ಲವನ್ನೂ ಒಟ್ಟಿಗೆ ಕಟ್ಟುವ ಪದ್ಧತಿ. ಒಂದಕ್ಕೊಂದು ಆಸರೆ ಇರುವುದರಿಂದ ನಿಲ್ಲುತ್ತವೆ. ಒಂಟಿ ದವಡೆ ಹಲ್ಲಿಗೆ ಆಸರೆ ಯಾರು? ನನ್ನ ಮಟ್ಟಿಗೆ, ಹಿಂದಿನ ಒಂದು ಹಲ್ಲಿಗೆ ವೇಗಕ್ಕೋಸ್ಕರ ಹೆಚ್ಚಿನ ದುಡ್ಡು ಕೊಡುವುದು ದಂಡ. ಅಲ್ಲಿ ಹಲ್ಲಿಲ್ಲದಿರುವುದು ಯಾರಿಗೂ ಕಾಣಲ್ಲ, ಮೂರು ತಿಂಗಳು ಇನ್ನೊಂದು ಕಡೆ ಅಗಿದರಾಯಿತು.

ಮೂಳೆ ಸಾಲದಿದ್ದರೆ ಹಂತಗಳು ಜಾಸ್ತಿಯಾಗುತ್ತವೆ. ಮೇಲಿನ ದವಡೆ ಹಲ್ಲುಗಳ ಬೇರಿನ ಮೇಲೆಯೇ ಸೈನಸ್ ಅನ್ನುವ ಗಾಳಿಗೂಡು ಇದೆ. ಹಲ್ಲು ಹೋಗಿ ವರ್ಷಗಳಾದರೆ ಅದು ಕೆಳಗಿಳಿದು ಸ್ಕ್ರೂಗೆ ಎತ್ತರವೇ ಸಿಗುವುದಿಲ್ಲ. ಆಗ ಸೈನಸ್ ಪೊರೆಯನ್ನು ಮೇಲೆತ್ತಿ ಮೂಳೆ ಪುಡಿ ತುಂಬುತ್ತಾರೆ. ಅದು ಗಟ್ಟಿಯಾಗೋಕೆ ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಬೇಕು. ಒಟ್ಟು ಒಂದು ವರ್ಷ ಅಂದುಕೊಳ್ಳಿ.

ಈ ಮೂಳೆ ಪುಡಿಯ ಬಗ್ಗೆ ಒಂದು ಮಾತು. ಬಹಳ ಕಡೆ ಬಳಸುವುದು ಹಸುವಿನ ಮೂಳೆಯಿಂದ ಮಾಡಿದ್ದು. ಮೇಲೆ ಹೊದಿಸುವ ಪೊರೆ ಎಷ್ಟೋ ಸಲ ಹಂದಿಯದ್ದು. ಸಹಿ ಮಾಡುವ ಕಾಗದದಲ್ಲಿ ಇದು ಇರಬಹುದು, ಬಾಯಿಬಿಟ್ಟು ಎಲ್ಲರೂ ಹೇಳುವುದಿಲ್ಲ. ನಿಮಗೆ ಆಚಾರದ ಕಾರಣಕ್ಕೋ ಮನಸ್ಸಿಗೋ ಒಪ್ಪದಿದ್ದರೆ ಮೊದಲೇ ಹೇಳಿ. ಕ್ಯಾಲ್ಸಿಯಂ ಫಾಸ್ಫೇಟ್‌ನಿಂದ ತಯಾರಿಸಿದ ಪುಡಿಗಳಿವೆ, ನಿಮ್ಮದೇ ದವಡೆಯಿಂದ ಸ್ವಲ್ಪ ಮೂಳೆ ತೆಗೆದು ಬಳಸುವುದೂ ಇದೆ.

ಕೆಳದವಡೆಯಲ್ಲಿ ಭಯ ನರದ್ದು. ತುಟಿ, ಗಲ್ಲಕ್ಕೆ ಸ್ಪರ್ಶ ಕೊಡುವ ನರ ಅಲ್ಲೇ ಹಾದುಹೋಗುತ್ತದೆ. ಸ್ಕ್ರೂ ತುದಿಗೂ ಅದಕ್ಕೂ ಕನಿಷ್ಠ 2 ಮಿಲಿಮೀಟರ್ ಜಾಗ ಬಿಡುವುದು ರೂಢಿ. ಹಾಗಾಗಿ ಮಾಮೂಲಿ ಎಕ್ಸ್‌ರೇ ಜೊತೆ, ಮೂಳೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸುವ ಡಾಕ್ಟರ್ ಸಿಕ್ಕರೆ ಒಂದೆರಡು ಸಾವಿರ ಜಾಸ್ತಿ ಆಯಿತಲ್ಲ ಅಂತ ಗೊಣಗಬೇಡಿ.

ಬಾಳಿಕೆ? ಸರಿಯಾಗಿ ಹಾಕಿ ನೋಡಿಕೊಂಡರೆ ಹತ್ತು ವರ್ಷದ ನಂತರವೂ ನೂರರಲ್ಲಿ ಸುಮಾರು ತೊಂಬತ್ತೈದು ಸ್ಕ್ರೂಗಳು ನಿಂತಿರುತ್ತವೆ. ಮೇಲಿನ ಕ್ಯಾಪ್ ಅಷ್ಟು ನಿಲ್ಲದೆ ನಡುವೆ ಸಡಿಲವಾಗಬಹುದು, ಚೂರು ಏಳಬಹುದು. ಇಂಪ್ಲಾಂಟ್‌ಗೆ ಹುಳುಕು ಹಿಡಿಯಲ್ಲ, ನಿಜ. ಆದರೆ ಸುತ್ತಲಿನ ಒಸಡು ಕೊಳೆತು ಮೂಳೆ ಕರಗಬಹುದು, ಅದೂ ನೋವೇ ಇಲ್ಲದೆ. ಮೊದಲೇ ಒಸಡಿನ ರೋಗದಿಂದ ಹಲ್ಲು ಕಳೆದುಕೊಂಡವರಿಗೆ ಈ ಅಪಾಯ ಜಾಸ್ತಿ. ಇನ್ನೊಂದು, ನಿಜವಾದ ಹಲ್ಲಿನ ಸುತ್ತ ಇರುವ ನಾರಿನ ಮೆತ್ತೆ ಇದಕ್ಕಿಲ್ಲ. ಕಲ್ಲು ಸಿಕ್ಕರೆ ಹಲ್ಲು ತಕ್ಷಣ 'ಅಯ್ಯೋ' ಅನ್ನುತ್ತದೆ. ಇಂಪ್ಲಾಂಟ್‌ಗೆ ಅಷ್ಟು ಗೊತ್ತಾಗಲ್ಲ. ಗೋಟಡಿಕೆ ಕಡಿಯುವ ಕೆಲಸ ಅದಕ್ಕೆ ಕೊಡಬೇಡಿ.

ಕೆಟ್ಟರೆ? ಮೊದಲ ಕೆಲವು ತಿಂಗಳಲ್ಲಿ ಹಿಡಿಯದೆ ಹೋದರೆ ಸ್ಕ್ರೂ ತೆಗೆದು, ಗಾಯ ಮಾಯಲು ಬಿಟ್ಟು, ಮತ್ತೆ ಹಾಕಬಹುದು. ಪಕ್ಕದ ಹಲ್ಲುಗಳಿಗೆ ಏನೂ ಆಗಿರುವುದಿಲ್ಲ. ವರ್ಷಗಳ ನಂತರ ಕೆಟ್ಟರೆ ಒಂದಿಷ್ಟು ಮೂಳೆಯನ್ನು ತೆಗೆದುಕೊಂಡೇ ಹೋಗುತ್ತದೆ. ನಾನು ಬ್ರಿಡ್ಜ್ ಬಿಟ್ಟು ಇದಕ್ಕೆ ಬಂದಿದ್ದು ಈ ಲೆಕ್ಕದಿಂದ. ನನ್ನ ಪಕ್ಕದ ಹಲ್ಲುಗಳು, 35 ಮತ್ತು 37, ಎರಡೂ ಗಟ್ಟಿಯಾಗಿದ್ದವು.

ಪೂರ್ತಿ ಬಾಯಿಯಾದರೆ

ಎಲ್ಲ ಹಲ್ಲೂ ಹೋದವರಿಗೆ ಮೇಲಿನ ಸೆಟ್ ಅಂಗುಳಕ್ಕೆ ಅಂಟಿ ನಿಲ್ಲುತ್ತದೆ. ಕೆಳಗಿನದು ತೇಲುತ್ತಿರುತ್ತದೆ. ಇವರಿಗೆ ನಾಲ್ಕು ಇಂಪ್ಲಾಂಟ್ ಮೇಲೆ ಇಡೀ ದವಡೆಯ ಹಲ್ಲು ಕಟ್ಟುವ, ಲಕ್ಷಗಟ್ಟಲೆಯ ಆಲ್ ಆನ್ ಫೋರ್ ಒಂದೇ ದಾರಿ ಅಲ್ಲ. ಕೆಳಗೆ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ಹಾಕಿ, ಸೆಟ್ಟಿಗೆ ಪ್ರೆಸ್ ಬಟನ್ ಥರದ ಹಿಡಿತ ಕೊಟ್ಟರೆ ಅದು ಟಕ್ ಅಂತ ಕೂತುಕೊಳ್ಳುತ್ತದೆ. ಹಲ್ಲಿಲ್ಲದ ಕೆಳದವಡೆಗೆ ಮೊದಲು ನೋಡಬೇಕಾದದ್ದೇ ಇದು ಅಂತ 2002ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ಕೊಟ್ಟ ದುಡ್ಡಿಗೆ ಇಷ್ಟು ಸುಖ ಕೊಡುವುದು ಹಲ್ಲಿನ ಚಿಕಿತ್ಸೆಯಲ್ಲಿ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ದುಡ್ಡು, ದಿನ, ಮತ್ತು ನೀವು

ನಮ್ಮಲ್ಲಿ ಒಂದು ಇಂಪ್ಲಾಂಟ್‌ಗೆ ಕ್ಯಾಪ್ ಸೇರಿ ಸುಮಾರು 25,000ದಿಂದ 50,000 ರೂಪಾಯಿ, ಬೆಂಗಳೂರಿನ ದೊಡ್ಡ ಕ್ಲಿನಿಕ್‌ಗಳಲ್ಲಿ ಇನ್ನೂ ಜಾಸ್ತಿ ಅಂತ ಕೇಳುತ್ತಾರೆ. ಸ್ಕ್ರೂ ಕಂಪನಿಗಳಲ್ಲಿ ಸ್ವಿಟ್ಜರ್ಲೆಂಡಿನ ಸ್ಟ್ರಾಮನ್ ತುಟ್ಟಿ, ಕೊರಿಯಾದ ಆಸ್ಟೆಮ್ ನಡುವಿನದು. ಜಾಹೀರಾತಿನ 15,000 ಬರೀ ಸ್ಕ್ರೂಗೆ ಇರಬಹುದು. ಸ್ಕ್ಯಾನ್, ಎರಡನೇ ಹಂತ, ಸ್ಕ್ರೂಗೂ ಕ್ಯಾಪಿಗೂ ನಡುವೆ ಕೂರುವ ಅಬಟ್‌ಮೆಂಟ್, ಕ್ಯಾಪ್ ಎಲ್ಲ ಸೇರಿದೆಯಾ ಅಂತ ಬರೆಸಿಕೊಳ್ಳಿ. ಹಂತ ಹಂತದ ಒಂದು ಅನುಕೂಲ ಅಂದರೆ ದುಡ್ಡನ್ನೂ ಹಂತ ಹಂತವಾಗಿ ಕೊಡಬಹುದು. ಪೂರ್ತಿ ಮುಂಗಡ ಕೇಳಿದರೆ ನಾನಾದರೆ ಎದ್ದು ಬರುತ್ತೇನೆ. ಆರೋಗ್ಯ ವಿಮೆಯಲ್ಲಿ ಅಪಘಾತ ಬಿಟ್ಟರೆ ಹಲ್ಲಿನ ಖರ್ಚು ಸಾಮಾನ್ಯವಾಗಿ ಬರುವುದಿಲ್ಲ.

ಕೈ ಬಿಗಿಯಿದ್ದು ಸಮಯ ಇದ್ದರೆ ಡೆಂಟಲ್ ಕಾಲೇಜಿಗೆ ಹೋಗಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಇದೆ, ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು, ಮಂಗಳೂರು, ಮಣಿಪಾಲಗಳಲ್ಲೂ ಕಾಲೇಜುಗಳಿವೆ. ಪಿಜಿ ವಿದ್ಯಾರ್ಥಿಗಳು ಪ್ರೊಫೆಸರ್ ಎದುರಿನಲ್ಲಿ ಮಾಡುತ್ತಾರೆ. ನಿಧಾನ, ನಾಲ್ಕು ಸಲ ಜಾಸ್ತಿ ಓಡಾಟ, ಆದರೆ ಖರ್ಚು ಕಮ್ಮಿ.

ಈಗ ದುಡ್ಡಿಲ್ಲ, ಎರಡು ವರ್ಷ ಬಿಟ್ಟು ಇಂಪ್ಲಾಂಟ್ ಹಾಕಿಸುವ ಆಸೆ ಇದೆ ಅನ್ನುವವರು ಅಲ್ಲಿಯವರೆಗೆ ಸೆಟ್ ಹಾಕಿಕೊಳ್ಳಿ, ಬ್ರಿಡ್ಜ್ ಬೇಡ. ಸೆಟ್ ಹಲ್ಲುಗಳು ಓಡಾಡದಂತೆ ಜಾಗ ಕಾಯುತ್ತದೆ, ಆದರೆ ಮೂಳೆ ಕಾಯುವುದಿಲ್ಲ. ಹಲ್ಲು ಇನ್ನೂ ಕೀಳಿಸಿಲ್ಲ ಅಂದರೆ ಕೀಳುವ ದಿನವೇ ಕುಳಿಗೆ ಮೂಳೆ ಪುಡಿ ತುಂಬಿಸುವ ಬಗ್ಗೆ ಕೇಳಿ, ಕರಗುವುದು ಕಮ್ಮಿಯಾಗುತ್ತದೆ. ಅರವತ್ತೈದು ದಾಟಿ, ಶುಗರ್ ಏರಿಳಿಯುತ್ತಾ, ಪಕ್ಕದ ಹಲ್ಲಿಗೆ ಹೇಗೂ ಕ್ಯಾಪ್ ಇರುವವರಿಗೆ ಬ್ರಿಡ್ಜೇ ಸರಿ ಅನಿಸುತ್ತದೆ. ಬರೀ ವಯಸ್ಸಿನ ಕಾರಣಕ್ಕೆ ಮಾತ್ರ ಇಂಪ್ಲಾಂಟ್ ಬೇಡ ಅನ್ನಬೇಡಿ, ಗಟ್ಟಿಮುಟ್ಟಾಗಿರುವ ಎಂಬತ್ತರವರಿಗೂ ಹಾಕುತ್ತಾರೆ.

ಅಮೆರಿಕ, ದುಬೈಗಳಿಂದ ರಜೆಗೆ ಬಂದು ಹಲ್ಲು ಮಾಡಿಸಿಕೊಂಡು ಹೋಗುವ ನಮ್ಮವರು ಮೂರು ವಾರದಲ್ಲಿ ಎಲ್ಲ ಮುಗಿಸಿ ಅಂತ ಒತ್ತಾಯ ಮಾಡುತ್ತಾರೆ. ನಿಜ ಹೇಳಬೇಕೆಂದರೆ ಎರಡು ಹಂತ ಇವರಿಗೇ ಸರಿಹೊಂದುವುದು. ಈ ರಜೆಯ ಮೊದಲ ವಾರದಲ್ಲೇ ಸ್ಕ್ರೂ ಹಾಕಿಸಿ, ಹೊಲಿಗೆ ಬಿಚ್ಚಿಸಿಕೊಂಡು ಹೊರಡಿ. ಮುಂದಿನ ರಜೆಗೆ ಬಂದ ದಿನವೇ ಒಸಡು ತೆರೆಸಿ, ಹೊರಡುವ ವಾರ ಕ್ಯಾಪ್ ಹಾಕಿಸಿ. ನಡುವೆ ಆರು ತಿಂಗಳಿಗೆ ಬದಲು ಒಂದು ವರ್ಷವಾದರೂ ಒಸಡಿನ ಅಡಿ ಸ್ಕ್ರೂ ತನ್ನಷ್ಟಕ್ಕೆ ಇರುತ್ತದೆ.

ಕೊನೆಗೊಂದು ಕೆಲಸ. ಸ್ಕ್ರೂ ಬಂದ ಡಬ್ಬಿಯ ಮೇಲೆ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಕೇಳಿ ಇಸ್ಕೊಳ್ಳಿ. ಹತ್ತು ವರ್ಷದ ಮೇಲೆ ಕ್ಯಾಪ್ ಸಡಿಲವಾದಾಗ ಬೇರೆ ಊರಿನ ಡಾಕ್ಟರಿಗೆ ಯಾವ ಕಂಪನಿಯ ಸ್ಕ್ರೂ ಅಂತ ಗೊತ್ತಾಗದಿದ್ದರೆ ಬಿಚ್ಚುವ ಡ್ರೈವರೂ ಸಿಗಲ್ಲ. ನಾನು ಕೇಳಿದಾಗ ನರ್ಸಮ್ಮ ಡಬ್ಬಿಯನ್ನು ಆಗಲೇ ಕಸದ ಬುಟ್ಟಿಗೆ ಹಾಕಿದ್ದರು, ಎತ್ತಿ ಕೊಟ್ಟರು. ಈಗ ಅದು ಮನೆಯಲ್ಲಿ ರೇಷನ್ ಕಾರ್ಡ್ ಇಡುವ ಕವರಿನಲ್ಲಿದೆ.